ಸ್ಕೀ ಬಿಟ್ಟು ವೀಲ್‌ಚೇರ್ ಕರ್ಲಿಂಗ್‌ಗೆ ಹೋದರೆ ಸೋಲೊಪ್ಪಿದಂತೆಯೇ?

ಭುಜ ಸೋತಿರುವುದರಿಂದ ಮೋನೋಸ್ಕೀ (ಒಂದೇ ಸ್ಕೀ ಮೇಲಿನ ಆಸನದಲ್ಲಿ ಕುಳಿತು ಹಿಮದಲ್ಲಿ ಜಾರುವ ಆಟ) ಬಿಟ್ಟು, ಮಂಜುಗಡ್ಡೆಯ ಮೇಲೆ ಕಲ್ಲನ್ನು ಗುರಿಯತ್ತ ಜಾರಿಸುವ ‘ಸುಲಭದ’ ಕರ್ಲಿಂಗ್‌ಗೆ ಹೋಗಲೇ ಎಂದು ಕೇಳಿದ್ದೀರಿ. ಇದೇ ಲೆಕ್ಕಾಚಾರದಲ್ಲಿ ನಾನೂ ಇಟಲಿಯ ಸೆಸ್ಟ್ರಿಯೆರೆಯ ಹಿಮದ ಇಳಿಜಾರು ಬಿಟ್ಟು ಪಿನೆರೋಲೊದ ಮಂಜುಗಡ್ಡೆಯ ಅಂಗಳಕ್ಕೆ ಬಂದವನು. 2006ರ ಟೊರಿನೊ ಪ್ಯಾರಾಲಿಂಪಿಕ್ಸ್‌ನಲ್ಲಿ ವೀಲ್‌ಚೇರ್ ಕರ್ಲಿಂಗ್ ಮೊದಲ ಬಾರಿ ನಡೆದದ್ದು ಪಿನೆರೋಲೊದಲ್ಲಿಯೇ. ಅಂದಿನ ಇಟಲಿ ತಂಡದ ಆಟಗಾರ ಎಜೀದಿಯೊ ಮಾರ್ಕೇಸೆ 2010ರಲ್ಲಿಯೂ ಆಡಿದರು.

ನನ್ನ ತಪ್ಪನ್ನು ಬಿಡಿಸಿಯೇ ಹೇಳಬೇಕು. ಕರ್ಲಿಂಗ್‌ನಲ್ಲಿ ಸುಮಾರು 20 ಕಿಲೋ ತೂಕದ ಕಲ್ಲನ್ನು ಉದ್ದನೆಯ ಕೋಲಿನಿಂದ ದೂಡುವಾಗ ಜೊತೆಗಾರರೊಬ್ಬರು ಹಿಂದೆ ಬಂದು ನಮ್ಮ ಕುರ್ಚಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಸ್ಕೀ ಮಾಡುವಾಗ ಎರಡು ಕೈಗೋಲುಗಳ ಮೇಲೆ ನನ್ನ ತೂಕವನ್ನು ನಾನೇ ಸಂಭಾಳಿಸಿಕೊಂಡಿದ್ದವನಿಗೆ, ಬೆನ್ನ ಹಿಂದೆ ಇನ್ನೊಬ್ಬರ ಕೈ ಬಂದರೆ ಆಸ್ಪತ್ರೆಯಲ್ಲಿ ಯಾರೋ ನನ್ನನ್ನು ತಳ್ಳಿಕೊಂಡು ಹೋದ ದಿನಗಳೇ ನೆನಪಾಗುತ್ತಿದ್ದವು. ಒಂದು ಪಂದ್ಯದ ಕೊನೆಯ ಸುತ್ತಾದ ಎಂಟನೆಯ ಎಂಡ್‌ನಲ್ಲಿ, ಕೊನೆಯ ಕಲ್ಲಿಗೆ, ನೆರವಿಗೆ ಬಂದ ಗೆಳತಿಯನ್ನು ಬೇಡವೆಂದು ಕಳಿಸಿದೆ. ಬ್ರೇಕ್ ಹಾಕಿದ್ದೆ, ಆದರೆ ಮಂಜಿನ ಮೇಲೆ ಬ್ರೇಕ್ ಹಾಕಿದ ಚಕ್ರವೂ ಜಾರುತ್ತದೆ. ತೋಳು ಮುಂದಕ್ಕೆ ಹೋದ ಕ್ಷಣದಲ್ಲಿಯೇ ಕುರ್ಚಿ ನಾಲ್ಕು ಬೆರಳಿನಷ್ಟು ಹಿಂದೆ ಸರಿಯಿತು, ಕಲ್ಲಿಗೆ ಸಿಗಬೇಕಾದ ಬಲವೆಲ್ಲ ಆ ನಾಲ್ಕು ಬೆರಳಿನಲ್ಲಿ ಸೋರಿಹೋಯಿತು. ವೀಲ್‌ಚೇರ್ ಆಟದಲ್ಲಿ ಮುಂದೆ ಮಂಜು ಉಜ್ಜಿ ಕಲ್ಲನ್ನು ದೂರ ಒಯ್ಯುವವರು ಯಾರೂ ಇರುವುದಿಲ್ಲ. ಕೈಬಿಟ್ಟ ಕಲ್ಲು ಕೈಬಿಟ್ಟಂತೆಯೇ. ಅದು ಆಚೆಯ ಹಾಗ್ ಲೈನ್‌ಗೆ ಒಂದು ಗೇಣು ಈಚೆ ನಿಂತಿತು. ಗೆರೆಯನ್ನು ಪೂರ್ತಿ ದಾಟದ ಕಲ್ಲನ್ನು ಆಟದಿಂದ ತೆಗೆದುಹಾಕುತ್ತಾರೆ. ಪಂದ್ಯ ಹೋಯಿತು, ಮರುವರ್ಷದ ತಂಡದಲ್ಲಿ ನನಗೆ ಸ್ಥಾನವಿರಲಿಲ್ಲ. ಸೋಲಿಗಿಂತಲೂ, ಆ ಗೆಳತಿ ಏನೂ ಹೇಳದೆ ತನ್ನ ಕುರ್ಚಿಯನ್ನು ತಿರುಗಿಸಿಕೊಂಡು ಹೋದದ್ದು ನನ್ನನ್ನು ಇಂದಿಗೂ ನೋಯಿಸುತ್ತದೆ.

ಆದ್ದರಿಂದ ನಿಮ್ಮ ಪ್ರಶ್ನೆಯಲ್ಲಿರುವ ‘ಸುಲಭ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸೊಂಟದ ಹಿಡಿತವಿಲ್ಲದ ದೇಹದಿಂದ, ನಿಂತ ಕುರ್ಚಿಯಿಂದ, ಅಷ್ಟು ತೂಕದ ಕಲ್ಲನ್ನು ಅಳತೆ ತಪ್ಪದೆ ಕಳಿಸುವುದಕ್ಕೂ ಭುಜವೇ ಬೇಕು. ವಿಶ್ರಾಂತಿಗಾಗಿ ಬರುವುದಾದರೆ ದಯವಿಟ್ಟು ಬರಬೇಡಿ. ಮೊದಲು ಭುಜವನ್ನು ವೈದ್ಯರಿಗೆ ತೋರಿಸಿ. ಆಟವೇ ಬೇಕೆನಿಸಿದರೆ ಬನ್ನಿ. 2026ರ ಮಿಲಾನೊ–ಕೊರ್ತಿನಾ ಪ್ಯಾರಾಲಿಂಪಿಕ್ಸ್‌ಗೆ ಮಿಶ್ರ ಡಬಲ್ಸ್ ಕೂಡ ಸೇರಿತು, ಆಡುವ ಅವಕಾಶಗಳು ಹೆಚ್ಚುತ್ತಿವೆ. ಬಂದ ಮೊದಲ ವಾರ ಮಾತ್ರ ಕಲ್ಲು ಮುಟ್ಟಬೇಡಿ, ಬೇರೆಯವರ ಕುರ್ಚಿಯನ್ನು ಹಿಡಿದು ಕುಳಿತುಕೊಳ್ಳಿ. ಅವರು ದೂಡುವಾಗ ಎಷ್ಟು ಬಲ ಹಿಂದಕ್ಕೆ ಬರುತ್ತದೆ ಎಂಬುದು ನಿಮ್ಮ ಅಂಗೈಗೆ ತಿಳಿಯುತ್ತದೆ.