ದೂರದ ಊರಲ್ಲಿ ಸಿಕ್ಕ ಆಸರೆ

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಜಪಾನಿಗೆ ಓದಲು ಹೋದ ಕೆಲವು ಚೀನೀ ಹುಡುಗರು ಜಪಾನಿ ಹುಡುಗಿಯರನ್ನು ಯಾಕೆ ಮದುವೆಯಾಗುತ್ತಿದ್ದರು? ಚೀನೀ ಕವಿ ಗುವೊ ಮೊರುವೊ ಕತೆ ನೋಡಿ. ಊರಲ್ಲಿ 1912ರಲ್ಲೇ ಮನೆಯವರು ಮದುವೆ ಮಾಡಿದ್ದರು, ಅವರಿಗೆ ಮನಸ್ಸಿರಲಿಲ್ಲ. 1914ರಲ್ಲಿ ವೈದ್ಯಕೀಯ ಓದಲು ಜಪಾನಿಗೆ ಹೋದರು. 1916ರಲ್ಲಿ, ತೀರಿಕೊಂಡ ಗೆಳೆಯನ ಎಕ್ಸ್-ರೇ ತರಲು ಟೋಕಿಯೋದ ಆಸ್ಪತ್ರೆಗೆ ಹೋದಾಗ, ನರ್ಸ್ ಸಾತೊ ತೊಮಿಕೊ ಸಮಾಧಾನ ಹೇಳಿದರು. ಅಲ್ಲಿಂದ ಪತ್ರ, ಪ್ರೀತಿ, ಸಂಸಾರ. ಪರದೇಶದಲ್ಲಿ ದುಃಖದಲ್ಲಿದ್ದಾಗ ಬಂದ ಒಳ್ಳೆ ಮಾತು ಸುಮ್ನೆ ಮರೆಯೋದಲ್ಲ, ಅಲ್ವಾ? ಆಯ್ಕೆಯೂ ತಮ್ಮದೇ. ಚೀನೀ ಲೇಖಕ ಝೌ ಝುವೊರೆನ್ ಕೂಡ 1909ರಲ್ಲಿ ಟೋಕಿಯೋದಲ್ಲೇ ಜಪಾನಿ ಹುಡುಗಿಯನ್ನು ಮದುವೆಯಾದರು.

ನನಗೆ ಜಾಸ್ತಿ ನೋವಾಗುವುದು ತೊಮಿಕೊ ಬಗ್ಗೆ. 1937ರಲ್ಲಿ ಚೀನಾ-ಜಪಾನ್ ಯುದ್ಧ ಶುರುವಾದಾಗ ಗುವೊ ಗುಟ್ಟಾಗಿ ಚೀನಾಕ್ಕೆ ಹೊರಟರು. ಐದು ಮಕ್ಕಳೊಂದಿಗೆ ಆಕೆ ಜಪಾನಿನಲ್ಲೇ ಉಳಿದರು.