249 ಗ್ರಾಂ ಡ್ರೋನ್‌ಗೆ ನೋಂದಣಿ ಬೇಕಾ? ಮೊದಲು ತಕ್ಕಡಿ ಮೇಲೆ ಇಡಿ

ನೀವು ಮೂರು ವಿಷಯ ಕೇಳಿದ್ದೀರಿ. ಪೆಟ್ಟಿಗೆ ಮೇಲೆ 249 ಗ್ರಾಂ ಅಂತ ಬರೆದಿರುವ ಡ್ರೋನ್‌ಗೆ ನೋಂದಣಿ ಬೇಕಾ? 12 ವರ್ಷದ ಮಗಳೂ ಹಾರಿಸುತ್ತಾಳೆ ಅಂತ ಪ್ರೊಪೆಲ್ಲರ್‌ಗಳಿಗೆ ಗಾರ್ಡ್ ಹಾಕಿದರೆ ಲೆಕ್ಕ ಬದಲಾಗುತ್ತಾ? ಬೇರೆ ದೇಶಕ್ಕೆ ಪ್ರವಾಸ ಹೋಗುವಾಗ ಜೊತೆಗೆ ಒಯ್ಯಬಹುದಾ? ವಿಮಾನಯಾನ ಇಲಾಖೆಯಲ್ಲಿ ನೋಂದಣಿ ಮಾಡಿಸಲು ಹಲವು ದೇಶಗಳು ಇಟ್ಟಿರುವ ಗಡಿ 250 ಗ್ರಾಂ, ಇದು ನೆನಪಿರಲಿ. ನಾನು ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಅರ್ಥವಾದರೆ ಮೊದಲನೆಯದಕ್ಕೆ ಅರ್ಧ ಉತ್ತರ ಸಿಕ್ಕ ಹಾಗೆ.

ನಾನು ಆರು ವರ್ಷದಿಂದ ಸಣ್ಣ ಡ್ರೋನ್ ಹಾರಿಸುತ್ತಿದ್ದೇನೆ. ಈ ಉತ್ತರ ಬರೆಯುವ ಮೊದಲು ನನ್ನ ಡ್ರೋನನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ಮತ್ತೊಮ್ಮೆ ಇಟ್ಟು ನೋಡಿದೆ. ಬ್ಯಾಟರಿ, ಮೆಮೊರಿ ಕಾರ್ಡ್, ನಾಲ್ಕೂ ಪ್ರೊಪೆಲ್ಲರ್ ಸೇರಿ 248 ಗ್ರಾಂ ತೋರಿಸಿತು. ಲೆನ್ಸ್ ಮುಂದೆ ಫಿಲ್ಟರ್ ಸಿಕ್ಕಿಸಿದೆ, 249 ಆಯಿತು. ಸಂಜೆ ಹೊತ್ತು ಕಣ್ಣಿಗೆ ಕಾಣಲಿ ಅಂತ ಬೆನ್ನಿಗೆ ಅಂಟಿಸುವ ಮಿಣುಕು ದೀಪ ಇಟ್ಟೆ, 260. ಸುತ್ತಲೂ ಪಂಜರದ ಹಾಗೆ ಬರುವ ಗಾರ್ಡ್ ಹಾಕಿದ ಮೇಲೆ 300 ದಾಟಿತು. ಡ್ರೋನ್ ಅದೇ, ಪೆಟ್ಟಿಗೆ ಮೇಲಿನ ಅಂಕಿಯೂ ಅದೇ. ಆದರೆ ನೆಲ ಬಿಟ್ಟು ಏಳುವ ತೂಕ ಮಾತ್ರ ಬೇರೆ.

ಹೆಚ್ಚಿನ ದೇಶಗಳ ನಿಯಮಕ್ಕೆ ಬೇಕಾಗಿರುವುದು ಈ ಏಳುವ ತೂಕವೇ. ಅಮೆರಿಕದಲ್ಲಿ ಟೇಕಾಫ್ ಆಗುವಾಗ ಡ್ರೋನ್ ಮೇಲೆ ಏನೇನು ಇದೆಯೋ ಅಷ್ಟೂ ಲೆಕ್ಕಕ್ಕೆ ಬರುತ್ತದೆ. ಕೆನಡಾದಲ್ಲೂ ಕ್ಯಾಮೆರಾ, ಹೊತ್ತ ಸಾಮಾನು ಎಲ್ಲ ಸೇರುತ್ತದೆ, ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಮಾತ್ರ ಇಲ್ಲ. ಭಾರತದ ನಿಯಮದಲ್ಲೂ ಹೊತ್ತ ಸಾಮಾನು ಸೇರಿಸಿಯೇ ತೂಕ. ಜಪಾನ್ ಮಾತ್ರ ಬೇರೆ ದಾರಿ ಹಿಡಿದಿದೆ. ಅಲ್ಲಿ ಡ್ರೋನ್ ಮೈ ಮತ್ತು ಬ್ಯಾಟರಿ, ಇವೆರಡರ ತೂಕ ನೋಡುತ್ತಾರೆ. ಬಿಚ್ಚಿ ತೆಗೆಯಬಹುದಾದ ಗಾರ್ಡ್‌ನಂಥವು ಸೇರುವುದಿಲ್ಲ.

ಬ್ಯಾಟರಿ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಡಿಜೆಐ ಕಂಪನಿಯ ಮಿನಿ 3 ಪ್ರೊ ಡ್ರೋನ್ ತೆಗೆದುಕೊಳ್ಳಿ. ಮಾಮೂಲಿ ಬ್ಯಾಟರಿ ಹಾಕಿದರೆ ಅದು 249 ಗ್ರಾಂ ಒಳಗೆ. ಅದಕ್ಕೇ ಸಿಗುವ ದೊಡ್ಡ 'ಪ್ಲಸ್' ಬ್ಯಾಟರಿ ಹಾಕಿದರೆ ಸುಮಾರು 290. ಹಾರುವ ಸಮಯ ಹೆಚ್ಚುತ್ತದೆ ಅಂತ ಜನ ಆ ಬ್ಯಾಟರಿ ಕೊಳ್ಳುತ್ತಾರೆ. ಬ್ಯಾಟರಿ ಬದಲಾಯಿಸಿದ ಆ ಕ್ಷಣಕ್ಕೆ ತಾವು ಬೇರೆ ತೂಕದ ಗುಂಪಿಗೆ ಬಂದೆವು ಅನ್ನುವುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ನಿಮ್ಮದು ಯಾವ ಮಾದರಿಯಾದರೂ ಸರಿ, ಬ್ಯಾಗಿನಲ್ಲಿರುವ ಪ್ರತಿ ಬ್ಯಾಟರಿಯನ್ನೂ ಹಾಕಿ ಒಂದೊಂದು ಸಲ ತೂಗಿ.

ಈಗ ಗಾರ್ಡ್ ವಿಷಯ. ತೂಕ ದಾಟುತ್ತದೆ ಅಂತ ಗಾರ್ಡ್ ಬಿಚ್ಚಿಡುವ ಯೋಚನೆ ನಿಮಗೆ ಬಂದಿದ್ದರೆ ದಯವಿಟ್ಟು ಬಿಡಿ. ಹೊಸದಾಗಿ ಕಲಿಯುವವರಿಗೆ, ಅದರಲ್ಲೂ ಮಕ್ಕಳಿಗೆ, ತಿರುಗುವ ರೆಕ್ಕೆಗೂ ಬೆರಳಿಗೂ ನಡುವೆ ಏನಾದರೂ ಇರಲೇಬೇಕು. ಅಂಗೈಯಿಂದ ಡ್ರೋನ್ ಬಿಡುವುದು, ಅಂಗೈಗೇ ಇಳಿಸಿಕೊಳ್ಳುವುದು ಮಕ್ಕಳಿಗೆ ತುಂಬಾ ಇಷ್ಟ. ಅಂಥ ರೆಕ್ಕೆ ಬೆರಳಿಗೆ ತಾಗಿದರೆ ಚರ್ಮ ಕಿತ್ತು ಬರುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಗಾರ್ಡ್ ಹಾಕಿ, 250 ದಾಟಲಿ, ನೋಂದಣಿ ಮಾಡಿಸಿ. ಅದು ಕಷ್ಟದ ಕೆಲಸವೇನಲ್ಲ. ಅಮೆರಿಕದಲ್ಲಿ ಹವ್ಯಾಸಕ್ಕೆ ಹಾರಿಸುವವರಿಗೆ 5 ಡಾಲರ್, ಅದು 3 ವರ್ಷ ನಡೆಯುತ್ತದೆ, ನಿಮ್ಮ ಹತ್ತಿರ ಎಷ್ಟೇ ಡ್ರೋನ್ ಇದ್ದರೂ ಅದೊಂದೇ ಸಾಕು. ಭಾರತದಲ್ಲಿ ಶುಲ್ಕ 100 ರೂಪಾಯಿ.

ಈ 250 ಎಲ್ಲಿಂದ ಬಂತು ಅಂತ ನನಗೂ ಮೊದಲು ಕುತೂಹಲ ಇತ್ತು. 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ, ಅಂದರೆ ಎಫ್‌ಎಎ, ನೋಂದಣಿ ಹೇಗಿರಬೇಕು ಅಂತ ಒಂದು ಕಾರ್ಯಪಡೆ ಮಾಡಿತು. ಆಕಾಶದಲ್ಲಿ ಡ್ರೋನ್ ಕೆಟ್ಟು ಕೆಳಗೆ ಬಿದ್ದು ಯಾರದಾದರೂ ತಲೆಗೆ ಬಡಿದರೆ ಏನಾಗುತ್ತದೆ? ಅವರು ಹಿಡಿದ ಎಳೆ ಅದು. 80 ಜೂಲ್ ಶಕ್ತಿಯ ಪೆಟ್ಟು ತಲೆಗೆ ಬಿದ್ದರೆ ಸಾಯುವ ಸಾಧ್ಯತೆ ನೂರಕ್ಕೆ 30 ಅನ್ನುವ ಅಂದಾಜು ಅವರ ಮುಂದೆ ಇತ್ತು. ಮೇಲಿಂದ ಬೀಳುವ ಸಣ್ಣ ಡ್ರೋನಿನ ವೇಗ ಗಾಳಿಯ ತಡೆಯಿಂದಾಗಿ ಸೆಕೆಂಡಿಗೆ ಸುಮಾರು 25 ಮೀಟರ್‌ಗಿಂತ ಹೆಚ್ಚುವುದಿಲ್ಲ ಅಂತ ಲೆಕ್ಕ ಹಾಕಿದರು. ನೀವೂ ಮಾಡಿ ನೋಡಬಹುದು. ಕಾಲು ಕೆಜಿಯನ್ನು 25ರಿಂದ ಗುಣಿಸಿ, ಮತ್ತೆ 25ರಿಂದ ಗುಣಿಸಿ, ಅರ್ಧ ಮಾಡಿ. 78 ಬರುತ್ತದೆ. 80ಕ್ಕೆ ಸ್ವಲ್ಪ ಕಡಿಮೆ. ಗಡಿ ನಿಂತಿದ್ದು ಹೀಗೆ. ಆ ವರ್ಷ ಡಿಸೆಂಬರ್ 21ಕ್ಕೆ ಅಮೆರಿಕದಲ್ಲಿ ನೋಂದಣಿ ಶುರುವಾಯಿತು. 2017ರ ಮೇ ತಿಂಗಳಲ್ಲಿ ಒಂದು ಕೋರ್ಟ್ ಹವ್ಯಾಸಿಗಳ ಮಟ್ಟಿಗೆ ಅದನ್ನು ರದ್ದು ಮಾಡಿತು, ಡಿಸೆಂಬರ್ ಹೊತ್ತಿಗೆ ಹೊಸ ಕಾನೂನಿನ ಮೂಲಕ ಅದು ವಾಪಸ್ ಬಂತು. ಆಮೇಲೆ ಒಂದೊಂದೇ ದೇಶ ಅದೇ 250ನ್ನು ಹಿಡಿಯಿತು. ಯುರೋಪಿನ ನಿಯಮದಲ್ಲಂತೂ 80 ಜೂಲ್ ಅನ್ನುವ ಮಾತನ್ನೇ ಬರೆದಿದ್ದಾರೆ.

ಆ ಲೆಕ್ಕದಲ್ಲಿ ಒಂದು ಸೂಕ್ಷ್ಮ ಇದೆ. ತೂಕ ಎರಡು ಪಟ್ಟಾದರೆ ಪೆಟ್ಟು ಎರಡು ಪಟ್ಟು, ವೇಗ ಎರಡು ಪಟ್ಟಾದರೆ ಪೆಟ್ಟು ನಾಲ್ಕು ಪಟ್ಟು. ಒಮ್ಮೆ ಖಾಲಿ ಮೈದಾನದಲ್ಲಿ ನನ್ನ ಡ್ರೋನ್ ಕೊಂಬೆಗೆ ತಾಗಿ ಮರದ ಎತ್ತರದಿಂದ ಬಿತ್ತು. ಕೆಳಗೆ ಒದ್ದೆ ಮಣ್ಣು. ಒಂದು ತೋಳು ಎರಡು ಬೆರಳಿನಷ್ಟು ಆಳಕ್ಕೆ ಊರಿಕೊಂಡಿತ್ತು, ಬ್ಯಾಟರಿ ಕಳಚಿ ನಾಲ್ಕು ಹೆಜ್ಜೆ ದೂರ ಹೋಗಿತ್ತು. ಅದು 248 ಗ್ರಾಮಿನದೇ. ಆ ಗುರುತು ನೋಡಿದ ಮೇಲೆ 'ಇದು ಆಟಿಕೆ' ಅನ್ನುವ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಅಲ್ಲಿ ಮಣ್ಣಿನ ಬದಲು ಒಂದು ಮಗು ಇದ್ದಿದ್ದರೆ?

ಅದಕ್ಕೇ ನಾನು ಒತ್ತಿ ಹೇಳುವುದು ಇಷ್ಟು. 250 ಒಳಗೆ ಇದ್ದರೆ ಸಿಗುವ ರಿಯಾಯಿತಿ ಬಹುತೇಕ ಕಾಗದ ಪತ್ರದ್ದು, ಆಕಾಶದ್ದಲ್ಲ. ಅಮೆರಿಕದಲ್ಲಿ ಹವ್ಯಾಸಕ್ಕೆ ಹಾರಿಸುವ 250 ಗ್ರಾಂ ಒಳಗಿನ ಡ್ರೋನ್‌ಗೆ ನೋಂದಣಿ ಬೇಡ, ಸರಿ. ಆದರೆ 'ಟ್ರಸ್ಟ್' ಅನ್ನುವ ಸುರಕ್ಷತಾ ಪರೀಕ್ಷೆಯನ್ನು ತೂಕ ಎಷ್ಟೇ ಇದ್ದರೂ ಎಲ್ಲ ಹವ್ಯಾಸಿಗಳೂ ಬರೆಯಬೇಕು. ಅದು ಉಚಿತ, ಆನ್‌ಲೈನ್. 400 ಅಡಿ ಮಿತಿ, ಕಣ್ಣಳತೆಯಲ್ಲೇ ಹಾರಿಸಬೇಕು ಅನ್ನುವ ನಿಯಮ, ವಿಮಾನ ನಿಲ್ದಾಣದ ಸುತ್ತಲಿನ ನಿರ್ಬಂಧ, ಇವೂ ಎಲ್ಲರಿಗೂ. ಅದೇ ಡ್ರೋನಿನಿಂದ ದುಡ್ಡಿಗೆ ಮದುವೆ ಶೂಟ್ ಮಾಡಿದರೆ ಹವ್ಯಾಸದ ರಿಯಾಯಿತಿ ಹೋಯಿತು, 249 ಗ್ರಾಂ ಆದರೂ ನೋಂದಣಿ ಬೇಕು.

ಯುರೋಪಿಯನ್ ಒಕ್ಕೂಟದಲ್ಲಿ ನಿಮ್ಮಂಥವರು ಎಡವುವುದು ಕ್ಯಾಮೆರಾ ವಿಷಯದಲ್ಲಿ. ಅಲ್ಲಿ 2020ರ ಡಿಸೆಂಬರ್ 31ರಿಂದ ಒಂದೇ ನಿಯಮ ಜಾರಿಯಲ್ಲಿದೆ. 250 ಗ್ರಾಂ ಒಳಗಿದ್ದರೂ ಡ್ರೋನಿನಲ್ಲಿ ಕ್ಯಾಮೆರಾ ಇದ್ದರೆ ಹಾರಿಸುವ ಹೊಣೆ ಹೊತ್ತವರು ನೋಂದಣಿ ಮಾಡಿಸಲೇಬೇಕು. ಆಟಿಕೆ ಅಂತಲೇ ಪ್ರಮಾಣೀಕರಿಸಿದ ಡ್ರೋನ್‌ಗಷ್ಟೇ ವಿನಾಯಿತಿ. ನೋಂದಣಿ ಆಗುವುದು ಡ್ರೋನಿನ ಹೆಸರಲ್ಲಲ್ಲ, ವ್ಯಕ್ತಿಯ ಹೆಸರಲ್ಲಿ. ನಿಮಗೆ ಸಿಗುವ ಸಂಖ್ಯೆಯನ್ನು ಡ್ರೋನ್ ಮೇಲೆ ಅಂಟಿಸಬೇಕು. ಎತ್ತರ 120 ಮೀಟರ್ ದಾಟುವ ಹಾಗಿಲ್ಲ. 249 ಗ್ರಾಂ ಅನ್ನುವ ಅಂಕಿ ನೋಡಿ ಧೈರ್ಯವಾಗಿ ಹೋಗುವ ಪ್ರವಾಸಿಗರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ ಅಂತ ನನಗೆ ಅನಿಸುತ್ತದೆ. ಕ್ಯಾಮೆರಾ ಇಲ್ಲದ ಡ್ರೋನ್ ಈಗ ಯಾರ ಹತ್ತಿರ ಇದೆ?

ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. 2026ರ ಜನವರಿ 1ರಿಂದ ಅಲ್ಲಿ ಗಡಿ 100 ಗ್ರಾಮಿಗೆ ಇಳಿದಿದೆ. 100 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ತೂಕದ ಡ್ರೋನ್ ಹಾರಿಸುವವರು ಆನ್‌ಲೈನ್ ಪರೀಕ್ಷೆ ಪಾಸಾಗಿ ಫ್ಲೈಯರ್ ಐಡಿ ಪಡೆಯಬೇಕು. ಕ್ಯಾಮೆರಾ ಇದ್ದರೆ ಡ್ರೋನಿನ ಹೊಣೆ ಹೊತ್ತವರು ಆಪರೇಟರ್ ಐಡಿಯನ್ನೂ ಪಡೆಯಬೇಕು. ಹಳೇ ವಿಡಿಯೋ ನೋಡಿ 'ಬ್ರಿಟನ್‌ನಲ್ಲಿ 250' ಅಂತ ನಂಬಬೇಡಿ.

ಜಪಾನ್‌ನಲ್ಲಿ 2022ರ ಜೂನ್ 20ರಿಂದಲೇ 100 ಗ್ರಾಂ. ಅದಕ್ಕೂ ಮೊದಲು ಅಲ್ಲಿ ಗಡಿ 200 ಇತ್ತು. 2019ರಲ್ಲಿ ಡಿಜೆಐನ ಮ್ಯಾವಿಕ್ ಮಿನಿ ಡ್ರೋನ್ ಬಂದಾಗ ಬೇರೆ ದೇಶಗಳಿಗೆ 249 ಗ್ರಾಂ, ಜಪಾನಿಗೆ ಮಾತ್ರ ಚಿಕ್ಕ ಬ್ಯಾಟರಿ ಹಾಕಿ 199 ಗ್ರಾಂ ಮಾಡಿ ಮಾರಿದರು. ಮೂರೇ ವರ್ಷದಲ್ಲಿ ಆ 199ಕ್ಕೂ ನೋಂದಣಿ ಬೇಕಾಯಿತು. ಕಾನೂನು ನೋಡಿ ತೂಕ ಇಳಿಸಿದರೆ, ಕಾನೂನೂ ಇಳಿಯುತ್ತದೆ. ಚೀನಾದಲ್ಲಿ 2017ರಿಂದ 250 ಇತ್ತು, 2024ರ ಜನವರಿಯಿಂದ ತೂಕ ಎಷ್ಟೇ ಇರಲಿ ನಿಜ ಹೆಸರಿನಲ್ಲಿ ನೋಂದಣಿ ಕಡ್ಡಾಯ. ಕೆನಡಾದಲ್ಲಿ 250 ಗ್ರಾಮಿನಿಂದ ಮೇಲಕ್ಕೆ ನೋಂದಣಿ ಮತ್ತು ಪೈಲಟ್ ಸರ್ಟಿಫಿಕೇಟ್ ಎರಡೂ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಎರಡೂ ಬೇಡ, ಆದರೆ ಇನ್ನೊಬ್ಬರಿಗೆ ಅಪಾಯ ಆಗುವ ಹಾಗೆ ಹಾರಿಸಿದರೆ ತಪ್ಪು ತಪ್ಪೇ.

ಭಾರತದಲ್ಲಿ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗೆ ನ್ಯಾನೋ, ಅದರ ಮೇಲೆ 2 ಕೆಜಿವರೆಗೆ ಮೈಕ್ರೋ, 2ರಿಂದ 25 ಕೆಜಿವರೆಗೆ ಸ್ಮಾಲ್. ನ್ಯಾನೋಗೆ ಟೈಪ್ ಸರ್ಟಿಫಿಕೇಟ್ (ಡ್ರೋನಿನ ಮಾದರಿಗೆ ಕೊಡುವ ಪ್ರಮಾಣಪತ್ರ) ಬೇಡ, ಪೈಲಟ್ ಸರ್ಟಿಫಿಕೇಟೂ ಬೇಡ. ಮೈಕ್ರೋವನ್ನು ವ್ಯಾಪಾರಕ್ಕಲ್ಲದೆ ಹಾರಿಸಿದರೂ ಪೈಲಟ್ ಸರ್ಟಿಫಿಕೇಟ್ ಕೇಳುವುದಿಲ್ಲ. ಆದರೆ ಗಾರ್ಡ್ ಹಾಕಿ 250 ದಾಟಿದ ನಿಮ್ಮ ಡ್ರೋನ್ ಮೈಕ್ರೋ ಆಯಿತು ಅಂದುಕೊಳ್ಳಿ, ಆಗ ಯುಐಎನ್ ಅನ್ನುವ ಗುರುತಿನ ಸಂಖ್ಯೆ ಬೇಕೇ ಬೇಕು. ಇನ್ನು ಎಲ್ಲೆಲ್ಲಿ ಹಾರಿಸಬಹುದು ಅಂತ ತೋರಿಸುವ ಹಸಿರು, ಹಳದಿ, ಕೆಂಪು ವಲಯದ ನಕ್ಷೆ ನ್ಯಾನೋಗೂ ಅನ್ವಯ. ಹಸಿರಿನಲ್ಲಿ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ನಡುವೆ ಅದು 200 ಅಡಿಗೆ ಇಳಿಯುತ್ತದೆ. ಹಳದಿಗೆ ಅನುಮತಿ ಬೇಕು. ಕೆಂಪಿಗೆ ಕೇಂದ್ರ ಸರ್ಕಾರವೇ ಒಪ್ಪಬೇಕು. ಉಲ್ಲಂಘನೆಗೆ ದಂಡ 1 ಲಕ್ಷ ರೂಪಾಯಿವರೆಗೆ ಹೋಗಬಹುದು.

ಮಗಳ ವಿಷಯಕ್ಕೆ ಬರೋಣ. ವಯಸ್ಸಿನ ಮಿತಿ ತೂಕದ ಮಿತಿಗಿಂತ ಮೊದಲು ಅಡ್ಡ ಬರಬಹುದು. ಅಮೆರಿಕದಲ್ಲಿ 13 ತುಂಬದವರ ಹೆಸರಲ್ಲಿ ನೋಂದಣಿ ಆಗುವುದಿಲ್ಲ, ದೊಡ್ಡವರು ಮಾಡಿಸಬೇಕು. ಕೆನಡಾದಲ್ಲಿ ಮೂಲ ಮಟ್ಟದ ಪೈಲಟ್ ಸರ್ಟಿಫಿಕೇಟ್‌ಗೆ 14 ವರ್ಷ ಆಗಿರಬೇಕು. ಬ್ರಿಟನ್‌ನಲ್ಲಿ ಆಪರೇಟರ್ ಐಡಿ 18 ತುಂಬಿದವರಿಗೆ ಮಾತ್ರ, ಆದ್ದರಿಂದ ಅದು ನಿಮ್ಮ ಹೆಸರಲ್ಲಿ. ಯುರೋಪಿನಲ್ಲಿ ಸಾಮಾನ್ಯವಾಗಿ 16, ಕೆಲವು ದೇಶಗಳು ಅದನ್ನು ಇಳಿಸಿವೆ. ಕಾನೂನು ಏನೇ ಹೇಳಲಿ, ಅವಳು ಹಾರಿಸುವಾಗ ನೀವು ಪಕ್ಕದಲ್ಲೇ ನಿಂತಿರಿ. ಅವಳು ಸ್ಕ್ರೀನ್ ನೋಡುತ್ತಿರುತ್ತಾಳೆ, ಡ್ರೋನ್ ನೋಡುವ ಕಣ್ಣು ನಿಮ್ಮದಾಗಬೇಕು. ವೇಗ ಹೆಚ್ಚಿಸುವ ಸ್ಪೋರ್ಟ್ಸ್ ಮೋಡ್ ಬಟನ್ ಮುಟ್ಟಬಾರದು ಅಂತ ಮೊದಲೇ ಹೇಳಿಬಿಡಿ. ವೇಗದ ಲೆಕ್ಕ ಮೇಲೆ ಹೇಳಿದ್ದೇನಲ್ಲ.

ಪ್ರವಾಸದ ಬಗ್ಗೆ ಕೊನೆಯದಾಗಿ. ಒಂದು ದೇಶದ ನೋಂದಣಿ ಇನ್ನೊಂದು ದೇಶದಲ್ಲಿ ನಡೆಯುವುದಿಲ್ಲ. ಯುರೋಪಿಯನ್ ಒಕ್ಕೂಟದ ಒಳಗೆ ಮಾತ್ರ ಒಂದು ಕಡೆ ಮಾಡಿಸಿದರೆ ಉಳಿದ ಸದಸ್ಯ ದೇಶಗಳಲ್ಲೂ ಒಪ್ಪುತ್ತಾರೆ, ಹೊರಗಿನಿಂದ ಬಂದವರು ಮೊದಲು ಹಾರಿಸುವ ದೇಶದಲ್ಲಿ ಮಾಡಿಸಬೇಕು. ಹೊರಡುವ ಮೊದಲು ಆ ದೇಶದ ವಿಮಾನಯಾನ ಇಲಾಖೆಯ ಪುಟವನ್ನೇ ಓದಿ. ತೂಕ ಎಷ್ಟು, ಕ್ಯಾಮೆರಾ ಲೆಕ್ಕಕ್ಕೆ ಬರುತ್ತದಾ, ವಯಸ್ಸು ಎಷ್ಟು, ಈ ಮೂರನ್ನು ಹುಡುಕಿ. ಇನ್ನೊಂದು ಪ್ರಶ್ನೆ ಜನ ಮರೆಯುತ್ತಾರೆ, ದೇಶದೊಳಗೆ ಡ್ರೋನ್ ತರಲು ಬಿಡುತ್ತಾರಾ ಅನ್ನುವುದು. ಭಾರತ 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿದೆ. ಸಂಶೋಧನೆ, ರಕ್ಷಣೆ, ಭದ್ರತೆಗೆ ಮಾತ್ರ ವಿನಾಯಿತಿ. ಬಿಡಿ ಭಾಗಗಳನ್ನು ತರಬಹುದು, ಇಡೀ ಡ್ರೋನ್ ತರುವ ಹಾಗಿಲ್ಲ. ಹಾಗಾಗಿ ವಿದೇಶದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರುವ ಯೋಚನೆ ಬೇಡ. ಬ್ಯಾಟರಿಗಳನ್ನಂತೂ ಯಾವ ವಿಮಾನದಲ್ಲೂ ಚೆಕ್‌ಇನ್ ಬ್ಯಾಗಿಗೆ ಹಾಕಬೇಡಿ. ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ತುದಿಗಳಿಗೆ ಟೇಪ್ ಹಚ್ಚಿ.

ಇವತ್ತು ಗಾರ್ಡ್ ಸಮೇತ ಒಮ್ಮೆ ತೂಗಿ, ಎಷ್ಟು ಬಂತು ಮತ್ತು ಯಾವ ದೇಶಕ್ಕೆ ಹೋಗುತ್ತಿದ್ದೀರಿ ಅಂತ ಕೆಳಗೆ ಬರೆಯಿರಿ. ಯಾವ ಫಾರ್ಮ್ ತುಂಬಬೇಕು ಅಂತ ಜೊತೆಗೇ ನೋಡೋಣ.