ಗಣಿ ಹಗರಣ ಬಯಲಾಗಿ ಇಷ್ಟು ವರ್ಷವಾದರೂ ಬಳ್ಳಾರಿ ಜನ ಸರ್ಕಾರವನ್ನು ಯಾಕೆ ನಂಬುವುದಿಲ್ಲ?

ನಾನು ಸಂಡೂರು ತಾಲ್ಲೂಕಿನವನು. ನಿಮ್ಮ ಪ್ರಶ್ನೆಗೆ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ನಮ್ಮ ಕಡೆ ಕಳ್ಳತನ ನಡೆಯುವಾಗ ನಂಬಿಕೆ ಪೂರ್ತಿ ಹೋಗಿರಲಿಲ್ಲ. ಅದು ಹೋಗಿದ್ದು ಎಲ್ಲ ಬಯಲಾದ ಮೇಲೆ.

ಚೀನಾದಿಂದ ಅದಿರಿಗೆ ಬೇಡಿಕೆ ಏರಿದ ಆ ವರ್ಷಗಳಲ್ಲಿ ರಸ್ತೆ ದಾಟೋಕೇ ಕಾಯಬೇಕಿತ್ತು, ಅಷ್ಟು ಲಾರಿ. ಮೆಣಸಿನ ಗಿಡದ ಮೇಲೆ, ಒಗೆದು ಹಾಕಿದ ಬಟ್ಟೆ ಮೇಲೆ, ನೀರಿನ ಕೊಡದಲ್ಲಿ, ಎಲ್ಲ ಕಡೆ ಕೆಂಪು ಧೂಳು. ಪರ್ಮಿಟ್ ಇಲ್ಲದೆ ಅದಿರು ಹೋಗುತ್ತಿದೆ ಅಂತ ದನ ಕಾಯೋ ಹುಡುಗನಿಗೂ ಗೊತ್ತಿತ್ತು.

2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಖಜಾನೆಗೆ 16,085 ಕೋಟಿ ರೂಪಾಯಿ ನಷ್ಟ ಅಂತ ಲೆಕ್ಕ ಕೊಟ್ಟರು. ಎರಡೇ ದಿನಕ್ಕೆ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಆ ತಿಂಗಳು ಮುಗಿಯುವಷ್ಟರಲ್ಲಿ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಸಾಲ ಮಾಡಿ ಲಾರಿ ತಗೊಂಡಿದ್ದ ನಮ್ಮೂರಿನವರಿಗೆ ದುಡಿಮೆ ನಿಂತುಹೋಯಿತು, ಕೆಲವರ ಲಾರಿಯನ್ನು ಫೈನಾನ್ಸ್‌ನವರು ಎಳೆದುಕೊಂಡು ಹೋದರು, ಆದರೂ ಚಹಾ ಅಂಗಡಿಯಲ್ಲಿ ಕೂತು ಅದೇ ಜನ ‘ಹೋಗಲಿ ಬಿಡು, ಕಳ್ಳರು ಸಿಕ್ಕಿಬಿದ್ದರಲ್ಲ’ ಅನ್ನುತ್ತಿದ್ದರು. ನಾನೇ ಕಿವಿಯಾರೆ ಕೇಳಿದ್ದೇನೆ.

ಆಮೇಲೆ ಆಗಿದ್ದೇನು? 2016ರಲ್ಲಿ ಸರ್ಕಾರದವರು ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಮಾಡಿ, ಲಂಚದ ಕೇಸು ಹಿಡಿಯುವ ಅಧಿಕಾರವನ್ನು ಲೋಕಾಯುಕ್ತದಿಂದ ಕಿತ್ತುಕೊಂಡರು. ಅದನ್ನು ವಾಪಸ್ ಕೊಡಿಸೋಕೆ ಹೈಕೋರ್ಟ್ ಬರಬೇಕಾಯಿತು, 2022ರ ಆಗಸ್ಟ್‌ನಲ್ಲಿ. ಉತ್ತರ ಕನ್ನಡದ ಬೇಲೆಕೇರಿ ಬಂದರಿನಲ್ಲಿ 2010ರಲ್ಲಿ ಜಪ್ತಿ ಮಾಡಿ ಇಟ್ಟಿದ್ದ ಲಕ್ಷಾಂತರ ಟನ್ ಅದಿರೇ ಮಾಯವಾಗಿತ್ತು, ಅಲ್ವಾ? ಅದಕ್ಕೆ ಶಿಕ್ಷೆಯ ತೀರ್ಪು ಬಂದಿದ್ದು 2024ರ ಅಕ್ಟೋಬರ್‌ನಲ್ಲಿ. ಮುಂದಿನ ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿ ಶಿಕ್ಷೆಯಾದವರ ಹಕ್ಕು, ಅದನ್ನು ತಪ್ಪು ಅನ್ನಲ್ಲ. ಆದರೆ ಅಷ್ಟರಲ್ಲಿ 14 ವರ್ಷ ಕಳೆದಿತ್ತು.

ಇದು ಕೆಳಗೆ ಎಲ್ಲಿಗೆ ಬಂದು ತಟ್ಟುತ್ತದೆ ನೋಡಿ. ಅಪ್ಪ ತೀರಿಕೊಂಡ ಮೇಲೆ ಮೂರು ಎಕರೆಗೆ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸೋಕೆ ಓಡಾಡಿದೆ. ದಾಖಲೆ ಎಲ್ಲ ಸರಿ ಇತ್ತು. ಕಚೇರಿಯಲ್ಲಿ ಮೂರು ಸಲ ಸುಮ್ನೆ ವಾಪಸ್ ಕಳಿಸಿದರು. ಕೊನೆಗೆ ಅಲ್ಲಿದ್ದವನು ಬಾಯಿಬಿಟ್ಟು ಹೇಳಿದ: ‘ಸಾವಿರಾರು ಕೋಟಿ ತಿಂದವರಿಗೇ ಏನೂ ಆಗಿಲ್ಲ. ನಾನು ಎರಡು ಸಾವಿರ ಕೇಳಿದರೆ ನಿಮಗೆ ಅದೇ ಜಾಸ್ತಿ ಆಯ್ತಾ?’ ಅವನ ಮುಖದಲ್ಲಿ ಅಳುಕೇ ಇರಲಿಲ್ಲ.

ನಾನು ಕೊಡಲಿಲ್ಲ. ಅವ್ವ ನನಗೆ ಹೇಳದೆ ಹೋಗಿ ಕೊಟ್ಟು ಬಂದಳು. ಬಲವಂತಕ್ಕೆ ಲಂಚ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಅವರ ಮೇಲೆ ಕೇಸಿಲ್ಲ ಅಂತ 2018ರಿಂದ ಕಾನೂನಿದೆ. ಲೋಕಾಯುಕ್ತಕ್ಕೆ ಹೋಗೋಣ, ಈಗ ಅಧಿಕಾರ ಮರಳಿದೆ ಅಂದೆ. ‘ಆಮೇಲೆ ಪಹಣಿಯಲ್ಲಿ ಬೇರೆ ಯಾರದೋ ಹೆಸರು ಕೂರಿಸಿದರೆ ನೀನು ಎಷ್ಟು ವರ್ಷ ಕೋರ್ಟಿಗೆ ಅಲೀತೀಯ?’ ಅಂತ ಕೇಳಿದಳು. ಆ ಏಳು ದಿನದಲ್ಲಿ ನನಗೆ ಉತ್ತರ ಹೊಳೆಯಲಿಲ್ಲ.